ಹನಿ ನೀರಿಲ್ಲದ ಹಾಲು

ಮಮದಾಪುರದ ಹಾಲಿನ ಡೇರಿಯ ಕಾರ್ಯದರ್ಶಿ ಬಾಳೇಶನನ್ನು ಅವನ ಹೆಂಡತಿ ಪಡಸಾಲೆಗೆ ಹಾಕಿದ್ದಳು. ಬೈದಿರಲಿಲ್ಲ, ಅತ್ತಿರಲಿಲ್ಲ. ಬಾಣಂತನ ಮುಗಿಸಿ ತವರುಮನೆ ಕಣಗಲಾದಿಂದ ನಾಲ್ಕು ತಿಂಗಳ ಕೂಸು, ತೊಟ್ಟಿಲು, ಎರಡು ಡಬ್ಬಿ ಅಂಟಿನುಂಡೆ ಸಮೇತ ಬಂದಿಳಿದ ದಾನೇಶ್ವರಿ, ಕೂಸಿನ ದುಪಟಿ ಮಡಚುತ್ತಲೇ ತೀರ್ಪು ಕೊಟ್ಟುಬಿಟ್ಟಿದ್ದಳು.

"ಎರಡನೇದು ಈಗ ಬ್ಯಾಡ. ಅದಕ್ಕೊಂದು ವ್ಯವಸ್ಥಾ ಆಗೂತನಕ ನಿಮ್ಮ ಹಾಸಗಿ ಪಡಸಾಲ್ಯಾಗ."

"ಅಲ್ಲಿ ಅಪ್ಪ ಗೊರಕಿ ಹೊಡೀತಾನಲ್ಲ."

"ಹೊಡೀಲಿ ಬಿಡ್ರಿ. ಗೊರಕಿಯಿಂದ ಯಾರೂ ಬಸರಾಗಂಗಿಲ್ಲ."

ತಮಾಷೆಗೆ ಆಡಿದ ಮಾತಲ್ಲ ಅದು. ಮಸಗುಪ್ಪಿಗೆ ಕೊಟ್ಟಿದ್ದ ಅವಳ ಅಕ್ಕ ಶೋಭಾಗೆ ಮೊದಲನೆಯದು ಅಂಬೆಗಾಲಿಡುವಷ್ಟರಲ್ಲಿ ಎರಡನೆಯದು ಹೊಟ್ಟೆಯಲ್ಲಿತ್ತು. "ಅಕ್ಕನ ಮಾರಿ ನೋಡೀರಿಲ್ಲ? ರಕ್ತ ಅನ್ನೂದ ಇಲ್ಲ. ತೊಡಿ ಮ್ಯಾಲ ಒಂದು, ಸೆರಗ ಹಿಡಕೊಂಡು ಒಂದು. ಅಕಿ ನಕ್ಕಿದ್ದು ನಾ ಯಾವಾಗ ನೋಡೀನೋ ನೆನಪಿಲ್ಲ. ನನಗ ಅಂಜಿಕಿ ಆಗತೈತ್ರಿ," ಎಂದಳು. ಬಾಳೇಶನಿಗೆ ಹೆಂಡತಿಯ ಮೇಲೆ ಜೀವ. ಹಾಸಿಗೆ ಸುತ್ತಿಕೊಂಡು ಹೊರಗೆ ನಡೆದ.

(ಆ ಮನೆಯಲ್ಲಿ ಇನ್ನೊಂದು ಕೋಣೆಯಿತ್ತು. ಪಾಲಾದಾಗ ಅದು ತಮ್ಮ ಸುನೀಲನ ಕಡೆ ಹೋಗಿ, ನಡುವೆ ಗೋಡೆ ಎದ್ದಿತ್ತು. ಅಣ್ಣತಮ್ಮಂದಿರನ್ನು ಒಂದೇ ದಿನ ಶಾಲೆಗೆ ಸೇರಿಸಿದ್ದರು. ಮಾಸ್ತರು ಅವಳಿ ಜವಳಿ ಎಂದೇ ತಿಳಿದಿದ್ದರು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಡಿ.)

"ಇಬ್ಬರೂ ಹೋಗಿ ಡಾಕ್ಟರ ಬಾಯಾರನ್ನ ಕೇಳೂಣು," ಎಂದು ದಾನೇಶ್ವರಿ ಮೊದಲೇ ಹೇಳಿದ್ದಳು. ಹೆಂಗಸರ ದವಾಖಾನೆಯ ಬೆಂಚಿನ ಮೇಲೆ, ಹತ್ತು ಜನ ಬಸುರಿಯರ ನಡುವೆ ತಾನು ಕೂತಿರುವುದನ್ನು ನೆನೆದೇ ಬಾಳೇಶ ಬೆವೆತುಹೋದ. "ಇಷ್ಟಕ್ಕ ದವಾಖಾನಿ ಯಾಕ? ಮೆಡಿಕಲ್‌ನ್ಯಾಗ ಸಿಗತಾವ. ನಾ ತರ್ತೇನಿ ಬಿಡು," ಎಂದು ಮಹಾಶೂರನಂತೆ ಗಾಡಿ ಹತ್ತಿದ.

ಮೊದಲು ಗೋಕಾಕ. ಅಂಗಡಿಯೊಳಗೆ ಕಾಲಿಟ್ಟು ತಲೆ ಎತ್ತಿದರೆ ಎದುರಿಗೆ ದೊಡ್ಡವ್ವನ ಮಗ ಸಿದ್ರಾಮ. ಇವನು ಅಲ್ಲಿ ಕೆಲಸಕ್ಕೆ ಸೇರಿದ್ದು ಯಾವಾಗ?

"ಏನ್ ಬೇಕೋ ಬಾಳೇಶಾ?"

"ಕೆಮ್ಮಿನ ಔಷಧಿ."

"ಯಾರಿಗೋ ಕೆಮ್ಮು?"

"ಅಪ್ಪಗ." ಅಪ್ಪ ಅಣ್ಣಪ್ಪನಿಗೆ ಹುಟ್ಟಿದಾಗಿನಿಂದ ಕೆಮ್ಮು ಬಂದದ್ದಿಲ್ಲ.

ಮರುದಿನ ಮೂಡಲಗಿ. ಅಲ್ಲಿ ಯಾರ ಪರಿಚಯವೂ ಇಲ್ಲವೆಂದು ಧೈರ್ಯವಾಗಿ ಬಾಯಿ ತೆರೆಯುವಷ್ಟರಲ್ಲಿ, ಪಕ್ಕದಲ್ಲಿ ಗುಳಿಗೆ ಕೊಳ್ಳುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಶೋಭಾಳ ನಾದಿನಿ. ಬಾಳೇಶ ಕೂಸಿನ ಹೊಟ್ಟೆನೋವಿನ ಔಷಧಿ ಕೊಂಡು ಬಂದ. ಮೂರನೆಯ ದಿನ ಮೂಗಿಗೆ ಮಾಸ್ಕು, ಕಣ್ಣಿಗೆ ಕರಿ ಚಸ್ಮಾ, ತಲೆಗೆ ಟವೆಲ್ಲು ಸುತ್ತಿಕೊಂಡು ಹುಕ್ಕೇರಿಗೆ ಹೋದ. ಕಳ್ಳನಂತೆ ಕಾಣುತ್ತಿದ್ದನೇ ಹೊರತು ಬಾಳೇಶನಂತೆ ಕಾಣುತ್ತಿರಲಿಲ್ಲ. ಆದರೆ ಗಾಡಿಯನ್ನು ಅಂಗಡಿಯ ಬಾಗಿಲಿಗೇ ನಿಲ್ಲಿಸಿದ್ದ. ಅದರ ಮುಂದುಗಡೆ ‘ಕಣಗಲಾ ಮಾವನ ಕೊಡುಗೆ’ ಎಂದು ಇಷ್ಟು ದಪ್ಪ ಅಕ್ಷರದಲ್ಲಿ ಬರೆಸಿದವನು ತಾನೇ.

"ಬರ್ರಿ ಬರ್ರಿ ಅಳೇಂದ್ರ!" ಎಂದ ಅಂಗಡಿಯವನು. "ಕೂಸು ಹೆಂಗೈತ್ರಿ? ನಿಮ್ಮ ಮಾವ ಈಗರ ಇಲ್ಲಿಂದ ಹ್ವಾದ್ರು ನೋಡ್ರಿ. ಏನ್ ಕೊಡ್ಲಿ?"

ಆ ದಿನ ಮನೆಗೆ ಡೈಪರ್ ಬಂದವು.

ದಾನೇಶ್ವರಿ ಮೂರನ್ನೂ ಸಾಲಾಗಿ ಕಟ್ಟೆಯ ಮೇಲೆ ಇಟ್ಟಳು. "ಇದರಾಗ ನಾ ತಗೋಳೂದು ಯಾವುದು, ನೀವು ತಗೋಳೂದು ಯಾವುದು?" ಎಂದಳು. ಅಣ್ಣಪ್ಪ ಮಾತ್ರ, ತಂದ ವಸ್ತು ಹಾಳಾಗಬಾರದೆಂದು ಕೆಮ್ಮಿನ ಔಷಧಿಯನ್ನು ಎರಡು ಹೊತ್ತು ಕುಡಿಯಲು ಶುರುಮಾಡಿದ. ಸಿಹಿಯಾಗಿ ಛಲೋ ಐತಿ ಎಂದ.

ಗುಸುಗುಸು ಕೇಳಿ ಬಾಳೇಶನ ತಾಯಿ ಕೆಂಚವ್ವ ಅಡುಗೆಮನೆಯಿಂದ ಹೊರಗೆ ಬಂದಳು. ವಿಷಯ ತಿಳಿದು ನಕ್ಕೇ ನಕ್ಕಳು. "ಹುಚ್ಚ ಅದೀರೇನ ನೀವು? ಎದಿಹಾಲು ಕುಡಸೂತನಕ ಏನೂ ಆಗಂಗಿಲ್ಲ. ದೇವರ ಮಾಡಿಟ್ಟ ವ್ಯವಸ್ಥಾ ಅದು. ಗುಳಿಗಿಲ್ಲ, ಸೂಜಿಲ್ಲ."

ಬಾಳೇಶನಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಹಾಲು! ಹಾಲಿನ ವಿಷಯದಲ್ಲಿ ಅವನೆದುರು ಮಾತಾಡುವವರು ಮಮದಾಪುರದಲ್ಲಿ ಯಾರಿದ್ದಾರೆ? ಮೊನ್ನೆಯಷ್ಟೇ ದುಂಡವ್ವ ತಂದ ಎಮ್ಮೆ ಹಾಲಿಗೆ ಲ್ಯಾಕ್ಟೋಮೀಟರ್ ಕಡ್ಡಿ ಇಳಿಬಿಟ್ಟು, "ನೀರೈತಿ ಯವ್ವಾ, ಒಯ್ಯಿ," ಎಂದು ನಾಲ್ಕು ಮಂದಿಯ ಎದುರು ಹಿಂದಕ್ಕೆ ಕಳಿಸಿದ್ದ.

"ಅತ್ತಿಯವರ ಹೇಳಿದ್ದು ಖರೆ ಇದ್ರ ಛಲೋನ ಆತು," ಎಂದಳು ದಾನೇಶ್ವರಿ. "ಅದನ್ನ ಬಾಯಾರ ಮುಂದ ಹೇಳ್ರಿ. ಅವರು ಹೂಂ ಅಂದ್ರ ನಂದೂ ಹೂಂ."

ಹೀಗಾಗಿ ಮರುದಿನ ಗೋಕಾಕದ ದವಾಖಾನೆಯಲ್ಲಿ ಬಸುರಿಯರ ನಡುವಿನ ಆ ಬೆಂಚು ಬಾಳೇಶನಿಗೆ ಒದಗಿಯೇ ಬಂತು.

ಡಾಕ್ಟರ ಬಾಯಿ ಎಲ್ಲ ಕೇಳಿಸಿಕೊಂಡರು. "ನಿಮ್ಮ ಅತ್ತಿಯವರ ಮಾತಿನಾಗ ಖರೆ ಐತಿ," ಎಂದರು. ಜೊತೆಗೆ ಬಂದಿದ್ದ ಕೆಂಚವ್ವ ಸೆರಗು ಸರಿಮಾಡಿಕೊಂಡು ಸೊಸೆಯ ಕಡೆ ನೋಡಿದಳು. "ಆದ್ರ ಮೂರೂ ಕೂಡಿರಬೇಕು. ಕೂಸಿಗೆ ಆರು ತಿಂಗಳಾಗಿರಬಾರದು. ತಾಯಿಗೆ ಮುಟ್ಟು ತಿರುಗಿ ಸುರು ಆಗಿರಬಾರದು. ಹಗಲೂ ರಾತ್ರಿ ಕೂಸು ಕೇಳಿದಾಗೆಲ್ಲಾ ಬರೇ ಎದಿಹಾಲು. ನೀರೂ ಹಾಕಿರಬಾರದು. ಒಂದು ತಪ್ಪಿದ್ರ ಭರವಸಾ ಇಲ್ಲ."

ದಾನೇಶ್ವರಿ ಮೊದಲೆರಡಕ್ಕೆ ತಲೆಯಾಡಿಸಿದಳು. ಮೂರನೆಯದಕ್ಕೆ ಬಾಳೇಶ ಮುಂದೆ ಬಂದ. ಹತ್ತು ವರ್ಷದ ಅನುಭವವೆಲ್ಲ ಅವನ ದನಿಯಲ್ಲಿತ್ತು.

"ನಮ್ಮ ಮನಿಯೊಳಗ ಹನಿ ನೀರು ಬೆರಕಿಲ್ರಿ ಬಾಯಾರ. ನಾ ಡೇರಿ ಸೆಕ್ರೆಟರಿ. ಅದಕ್ಕ ನಾ ಜವಾಬ್ದಾರಿ."

"ಹೌದ್ರಿ," ಎಂದಳು ಕೆಂಚವ್ವ. "ಹಾಲು ಬಿಟ್ಟು ಬ್ಯಾರೇನೂ ಇಲ್ಲ. ಗುಟ್ಟಿ ಒಂದು ಹಾಕತೇನಿ, ಅಷ್ಟ."

"ಗುಟ್ಟಿ?"

"ಬಜಿ ಬೇರು, ಜಾಯಿಕಾಯಿ ತೇಯ್ದು ಜೇನಿನಾಗ ನೆಕ್ಕಸೂದ್ರಿ. ಅದೇನ ಔಷಧಿ, ಊಟ ಅಲ್ಲ. ಮತ್ತ ಬಾಯಿ ಆರಬಾರದಂತ ಒಂದೆರಡು ಚಮಚಾ ನೀರು. ಇಕಿ ಬಟ್ಟಿ ಒಗ್ಯಾಕ ಹ್ವಾದಾಗ ಅತ್ರ ಆಕಳ ಹಾಲು. ಹಸೂ ಹಾಲು ಏನಲ್ರಿ, ಕಾಸಿ ಕೊಡತೇನಿ. ಸಂಜೀಕ ಒಂಚೂರು ಅಕ್ಕಿ ಗಂಜಿ."

ದಾನೇಶ್ವರಿ ಅತ್ತೆಯನ್ನು ನೋಡಲಿಲ್ಲ. ಗಂಡನನ್ನು ನೋಡಿದಳು. ಹನಿಗೆ ಜವಾಬ್ದಾರಿ ಹೊತ್ತಿದ್ದವನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುತ್ತಿದ್ದ.

"ಜೇನು ಒಂದು ವರ್ಷದ ಒಳಗ ಕೊಡಲೇಬಾರದು," ಎಂದರು ಡಾಕ್ಟರ ಬಾಯಿ. "ಉಳದದ್ದೂ ಆರು ತಿಂಗಳತನಕ ಬ್ಯಾಡ. ಅಮ್ಮಾ, ನಿಮ್ಮ ಮಕ್ಕಳಿಗೆ ಎಷ್ಟು ಅಂತರರಿ?"

ಕೆಂಚವ್ವ ಬಾಳೇಶನ ಮುಖ ನೋಡಿದಳು. ಸುನೀಲನ ಹುಟ್ಟು ಅವಳಿಗೆ ಇಷ್ಟು ವರ್ಷ ದೇವರ ಕೃಪೆಯಾಗಿತ್ತು. ಈಗ ಅದಕ್ಕೊಂದು ಕಾರಣ ಸಿಕ್ಕಿತು, ಕಾರಣ ಎದುರಿಗೇ ಕೂತಿತ್ತು.

"ಎಲ್ಲಾ ಇವನಿಂದನ ಆದದ್ದು!" ಎಂದು ಅವಳು ಕೂಗಿದ್ದು ಹೊರಗಿನ ಬೆಂಚಿಗೂ ಕೇಳಿಸಿತು. "ಮೂರು ತಿಂಗಳ ಕೂಸಿದ್ದಾಗ ಗಂಜಿ ಬಟ್ಟಲಾ ಕಂಡ್ರ ಹಾರತಿದ್ದ್ರಿ ಇಂವ. ಎದಿಗೆ ಹಚ್ಚಿದ್ರ ಮಾರಿ ತಿರುವತಿದ್ದ. ಬಟ್ಟಲಾ ನೆಕ್ಕಿ ಮತ್ತ ಬಾಯಿ ತಗೀತಿದ್ದ. ವರ್ಷ ತುಂಬೂದರಾಗ ಸುನೀಲ ಬಂದ!"

"ಯವ್ವಾ, ನಂದೇನ ತಪ್ಪು? ಬಟ್ಟಲಾ ಹಿಡದಾಕಿ ನೀನ!"

"ತಿಂದಾಂವ ಯಾರು?"

ಗಂಜಿಯ ಆಸೆಗೆ ಹೊಲದ ಅರ್ಧ, ಮನೆಯ ಅರ್ಧ, ಆ ಇನ್ನೊಂದು ಕೋಣೆ ಎಲ್ಲವನ್ನೂ ತಾನೇ ಬರೆದುಕೊಟ್ಟಂತಾಯಿತಲ್ಲ ಎಂದು ಬಾಳೇಶನಿಗೆ ಆಗ ಹೊಳೆಯಿತು.

ಡಾಕ್ಟರ ಬಾಯಿ ದಾನೇಶ್ವರಿಯ ಕಡೆ ತಿರುಗಿದರು. ಹಾಲೂಡಿಸುವ ತಾಯಂದಿರಿಗೆಂದೇ ಬೇರೆ ಗುಳಿಗೆ ಇವೆ, ಸಾಮಾನ್ಯ ಗುಳಿಗೆಯಿಂದ ಹಾಲು ಕಡಿಮೆಯಾಗಬಹುದು, ಅದು ಈಗ ಬೇಡ. ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇದೆ. ಕಾಪರ್-ಟಿ ಇದೆ, ಬೇಡವಾದಾಗ ತೆಗೆಸಬಹುದು. ಗಂಡಸರಿಗೆ ನಿರೋಧ ಇದೆ ಎಂದು ಒಂದೊಂದನ್ನೂ ಬಿಡಿಸಿ ಹೇಳಿದರು.

"ಕಾಪರ್-ಟಿಯಿಂದ ಹಾಲಿಗೇನೂ ಆಗಂಗಿಲ್ಲಲ್ರಿ?"

"ಏನೂ ಆಗಂಗಿಲ್ಲ."

"ಹಂಗಾರ ನನಗ ಅದ ಇರಲಿ. ಅಕ್ಕನ್ನೂ ಕರಕೊಂಡ ಬರ್ತೇನ್ರಿ," ಎಂದಳು ದಾನೇಶ್ವರಿ. ತವರಿನಿಂದ ಬಂದ ಮೇಲೆ ಮೊದಲ ಸಲ ಅವಳ ಭುಜ ಹಗುರಾದದ್ದು ಬಾಳೇಶನಿಗೂ ಕಂಡಿತು. ತನ್ನ ಮಾನ ಹೋದರೂ ಅಡ್ಡಿಯಿಲ್ಲ ಎನಿಸಿತು. ಮುಂದಿನ ಸೋಮವಾರ ಬನ್ನಿ, ಅಲ್ಲಿಯವರೆಗೆ ನಿರೋಧ ಬಳಸಿ ಎಂದರು ಬಾಯಿ.

ಮಾನ ಪೂರ್ತಿ ಹೋದದ್ದು ಆಮೇಲೆ. ಆಟೋ ಸಿದ್ರಾಮನ ಅಂಗಡಿಯ ಎದುರು ಬಂದಾಗ ಕೆಂಚವ್ವ ನಿಲ್ಲಿಸಲು ಹೇಳಿದಳು. ಬಾಳೇಶ ತಡೆಯುವ ಮೊದಲೇ ಕತ್ತು ಹೊರಗೆ ಹಾಕಿದಳು.

"ಏ ಸಿದ್ರಾಮಾ! ನಮ್ಮ ಬಾಳ್ಯಾಗ ನಿರೋಧ ಕೊಡೋ! ದೊಡ್ಡ ಪಾಕೀಟ ಕೊಡು, ಇಂವ ಸಣ್ಣಾಂವಿದ್ದಾಗಿಂದ ಆಸಬುರಕ ಅದಾನ!"

ಅಂಗಡಿಯ ಮುಂದಿನ ಜನರಲ್ಲಿ ಮಮದಾಪುರದ ದುಂಡವ್ವನೂ ಇದ್ದಳು. ಕೂಸಿಗೆ ಹಾಕಿದ ನೀರು, ಗಂಜಿಯ ಕಥೆಯನ್ನೂ ಕೆಂಚವ್ವ ಅವಳಿಗೆ ಅಲ್ಲೇ ಒಪ್ಪಿಸಿದಳು. ಸಂಜೆ ಡೇರಿಗೆ ಹಾಲು ತಂದವಳು ಕೊಡ ಇಳಿಸಿ, "ಸೆಕ್ರೆಟರಿಗೋಳ, ಆ ಕಡ್ಡಿ ಒಮ್ಮೆ ನಿಮ್ಮ ಮನೀಗೆ ಒಯ್ರಿ," ಎಂದಳು. ಆ ಸಂಜೆ ಬಾಳೇಶ ಯಾರ ಹಾಲನ್ನೂ ಹಿಂದಕ್ಕೆ ಕಳಿಸಲಿಲ್ಲ.

ಹೋಗಲಿ, ಪಾಕೀಟಂತೂ ಕೈಗೆ ಬಂದಿತ್ತಲ್ಲ. ದೀಪ ಹಚ್ಚುವ ಹೊತ್ತಿಗೆ ಹಾಸಿಗೆ ಸುತ್ತಿ ಬಗಲಲ್ಲಿಟ್ಟುಕೊಂಡು ಕೋಣೆಯ ಬಾಗಿಲಿಗೆ ಬಂದ. ಒಳಗೆ ಅವನ ಜಾಗದಲ್ಲಿ ಕೆಂಚವ್ವನ ಚಾಪೆ ಬಿದ್ದಿತ್ತು. ಚಾಪೆಯ ಮೇಲೆ ಕೆಂಚವ್ವ, ಕೈಯಲ್ಲಿ ತೊಟ್ಟಿಲ ಹಗ್ಗ.

"ಕೂಸಿಗೆ ಆರು ತಿಂಗಳ ತುಂಬೂತನಕ ಹನಿ ನೀರು ಬೀಳಬಾರದು. ಬಾಯಾರು ಹೇಳ್ಯಾರ. ನಾ ಇಲ್ಲೇ ಕಾಯ್ತೇನಿ."

"ನೀರು ಹಾಕತಿದ್ದಾಕಿ ನೀನ ಅಲ್ಲೇನ ಯವ್ವಾ?"

"ಅದಕ್ಕ ಹೇಳಿದ್ದು. ನನ್ನ ಮ್ಯಾಲ ಒಬ್ಬರು ಕಣ್ಣಿಡಬೇಕಂದ್ರ ನಾನ ಇರಬೇಕು."

ದಾನೇಶ್ವರಿ ಕೂಸನ್ನು ಎದೆಗೆ ಹಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಬೆನ್ನು ಅಲುಗುತ್ತಿತ್ತು. ಕಡೆಗೆ ತಡೆಯಲಾರದೆ ಜೋರಾಗಿ ನಕ್ಕುಬಿಟ್ಟಳು. "ಬಾಯಾರು ಹೇಳಿದ ಉಪಾಯದಾಗ ಇದೊಂದು ಬಿಟ್ಟಿದ್ರು ನೋಡ್ರಿ," ಎಂದಳು.

ಬಾಳೇಶ ಪಡಸಾಲೆಗೆ ಮರಳಿ ಹಾಸಿಗೆ ಬಿಚ್ಚಿದ. ದೊಡ್ಡ ಪಾಕೀಟನ್ನು ದಿಂಬಿನ ಕೆಳಗೆ ತಳ್ಳುತ್ತಿದ್ದಾಗ ಅಣ್ಣಪ್ಪ ಮಗ್ಗುಲು ಬದಲಿಸಿ ಕಣ್ಣು ಬಿಟ್ಟ.

"ಏನೋ ಅದು?"

"ಏನಿಲ್ಲ ಅಪ್ಪಾ. ಕೆಮ್ಮಿನ ಔಷಧಿ."

ಅಣ್ಣಪ್ಪ ಎದ್ದು ಕೂತು ಕೈ ಚಾಚಿದ. "ತಾ ಹಂಗಾರ. ಮೊನ್ನಿದು ಮುಗದೈತಿ."