ಪಾರ್ಕಿನ ರೈಲು ಕುಲುಕುತ್ತದೆಯೇ?

ಎರಡು ವರ್ಷದ ಕೆಳಗೆ ಒಂದು ಭಾನುವಾರ ಮಧ್ಯಾಹ್ನ ಕೊಪ್ಪದ ಅಡಿಕೆ ವ್ಯಾಪಾರಿಯೊಬ್ಬರ ಅಂಗಿಯ ಮೂರನೇ ಗುಂಡಿ ನಮ್ಮ ಪಾರ್ಕಿನ ರೋಲರ್ ಕೋಸ್ಟರಿನಲ್ಲಿ ಕಾಣೆಯಾಯಿತು. ವಿಷಯ ತಿಳಿದ ಕೂಡಲೇ ಸಿಬ್ಬಂದಿ ಸ್ಥಳಕ್ಕೆ ಧಾವಿಸಿ ಹುಡುಕಾಟ ನಡೆಸಿದರು. ಕತ್ತಲಾಗುವವರೆಗೂ ಗುಂಡಿ ಪತ್ತೆಯಾಗಲಿಲ್ಲ. ಉಳಿದ ಗುಂಡಿಗಳು ಸುರಕ್ಷಿತವಾಗಿದ್ದವು.

ಸಿಬ್ಬಂದಿ ಅಂದರೆ ಇಬ್ಬರು. ಟಿಕೆಟ್ ಕೊಡುವ ನಾನು, ಕೋಸ್ಟರ್ ಓಡಿಸುವ ಆಪರೇಟರ್. ಪಾರ್ಕು ಇರುವುದು ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ದಾರಿಯಲ್ಲಿ. ದೂರದಲ್ಲೆಲ್ಲೋ ಮುಚ್ಚಿಹೋದ ಪಾರ್ಕಿನ ಕೋಸ್ಟರನ್ನು ಯಜಮಾನರು ಬಿಚ್ಚಿಸಿ, ಲಾರಿಗಳಲ್ಲಿ ಹೇರಿಸಿ ತಂದು ಇಲ್ಲಿ ಜೋಡಿಸಿ ಬಹಳ ವರ್ಷವಾಗಿತ್ತು. ಸುತ್ತ ಮೂರು ತಾಲೂಕಿನಲ್ಲಿ ರೈಲಿಲ್ಲದ ಕಾರಣ ಜನ ಇದನ್ನೇ ರೈಲು ಅನ್ನುತ್ತಿದ್ದರು. ರೈಲಿಗೆ ವಯಸ್ಸಾಗಿ ಕುಲುಕಾಟ ಮಿತಿಮೀರಿದೆಯೇ ಎಂಬ ಪ್ರಶ್ನೆ ಆ ಗುಂಡಿಯಿಂದ ಹುಟ್ಟಿತು. ಇಂಥ ಪ್ರಶ್ನೆ ಒಮ್ಮೆ ಹುಟ್ಟಿದರೆ ಅದಕ್ಕೆ ತಕ್ಕ ಪ್ರಸಂಗಗಳು ತಾವಾಗಿಯೇ ಟಿಕೆಟ್ ತೆಗೆದುಕೊಂಡು ಬರುತ್ತವೆ.

ಅಭಿಪ್ರಾಯ ಸಂಗ್ರಹ

ವ್ಯಾಪಾರಿ ಆ ವಾರವಿಡೀ ಪೇಟೆಯಲ್ಲಿ ಅದೇ ಅಂಗಿ ಹಾಕಿಕೊಂಡು ತಿರುಗಿದರು. ಕೆಲವು ಶಾಲೆಯವರು ಪ್ರವಾಸದ ಬಗ್ಗೆ "ಆಮೇಲೆ ನೋಡೋಣ" ಅಂದರು. ಚಳಿಗಾಲದ ಶಾಲಾ ಪ್ರವಾಸಗಳಿಂದಲೇ ಪಾರ್ಕು ನಡೆಯುತ್ತಿತ್ತು. ರೈಲು ನಿಂತರೆ ಉಳಿಯುವುದು ಒಂದು ಜಾರುಬಂಡೆ ಮತ್ತು ಬಾತುಕೋಳಿಗಳಿರುವ ಒಂದು ಕೊಳ. ಅದನ್ನು ನೋಡಲು ಯಾರೂ ದುಡ್ಡು ಕೊಡುವುದಿಲ್ಲ.

ಜನರನ್ನೇ ಕೇಳಿಬಿಡೋಣ ಎಂದು ಯಜಮಾನರು ಇಳಿಯುವ ಗೇಟಿನ ಹತ್ತಿರ ತಾವೇ ನಿಂತರು. ಅವರು ಎಲ್ಲರಿಗೂ ಬೇಕಾದವರು. ಯಾರ ಮನೆ ಮದುವೆಯಾದರೂ ಮುಂದೆ ನಿಂತು ಒತ್ತಾಯ ಮಾಡಿ ಹೋಳಿಗೆ ಬಡಿಸುವವರು. ಅಂಥವರ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಪದ್ಧತಿ ನಮ್ಮ ಕಡೆ ಇಲ್ಲ.

"ಹೇಗಿತ್ತು ಮಾರಾಯ?" ಎಂದು ಕೇಳಿದರೆ ಇಳಿದವರೆಲ್ಲ "ಅಡ್ಡಿಲ್ಲ" ಅಂದರು. ನಂತರ ಒಬ್ಬೊಬ್ಬರಾಗಿ ನನ್ನ ಕಿಟಕಿಗೆ ಬಂದು ನೋವಿನ ಮುಲಾಮು ಇದೆಯೇ ಎಂದು ಮೆಲ್ಲಗೆ ವಿಚಾರಿಸಿದರು.

ಒಬ್ಬ ಹೆಂಗಸು ಹೇಳಿದರು: "ಕುತ್ತಿಗೆ ಸ್ವಲ್ಪ ಬಲಕ್ಕೆ ನಿಂತುಬಿಟ್ಟಿದೆ. ನಿಮ್ಮ ಯಜಮಾನ್ರಿಗೆ ಹೇಳ್ಬೇಡಿ, ಪಾಪ."

"ಎಡಗಡೆ ನೋಡ್ಬೇಕಾದ್ರೆ ಎಂತ ಮಾಡ್ತೀರಿ?"

"ಇಡೀ ನಾನೇ ತಿರುಗ್ತೇನೆ."

ತಜ್ಞರ ವರದಿ

ಅಭಿಪ್ರಾಯವೆಲ್ಲ ಅನುಕೂಲವಾಗಿ ಬಂದರೂ ಬುಕಿಂಗ್ ಬರಲಿಲ್ಲ. ಆದ್ದರಿಂದ ಯಜಮಾನರು ಶಿವಮೊಗ್ಗದಿಂದ ಒಬ್ಬ ಎಂಜಿನಿಯರನ್ನು ಕರೆಸಿದರು. ಅವರು ಬೋಲ್ಟುಗಳನ್ನು ಬಡಿದು ನೋಡಿದರು, ಬ್ರೇಕು ನೋಡಿದರು, ಕೊನೆಗೆ ಒಂದು ಸುತ್ತು ಹೋಗಿ ಬಂದರು. ಇಳಿದ ಮೇಲೆ ಸ್ವಲ್ಪ ಹೊತ್ತು ಕಂಬ ಹಿಡಿದುಕೊಂಡು ನಿಂತಿದ್ದರು. ಕಂಬವನ್ನೂ ಪರೀಕ್ಷಿಸುತ್ತಿದ್ದಾರೆ ಎಂದು ನಾವು ತಿಳಿದೆವು.

"ಯಂತ್ರ ಪೂರ್ತಿ ಸುರಕ್ಷಿತ," ಅಂದರು.

"ಕುಲುಕಾಟ?" ಎಂದೆ ನಾನು.

"ಅದು ಯಂತ್ರದ ಸಮಸ್ಯೆ ಅಲ್ಲ. ಕೂತವರ ಸಮಸ್ಯೆ."

ಯಜಮಾನರಿಗೆ ಬಹಳ ಸಂತೋಷವಾಯಿತು. "ಹಾಗಾದ್ರೆ ಇನ್ನೊಂದು ಸುತ್ತು ಹೋಗಿ ಬನ್ನಿ ಸಾರ್, ನಮ್ಮ ಲೆಕ್ಕದಲ್ಲಿ," ಅಂದರು.

ಎಂಜಿನಿಯರ್ ತಮಗೆ ಶಿವಮೊಗ್ಗದ ಬಸ್ಸು ತಪ್ಪುತ್ತದೆ ಅಂದರು. ಅವರು ಬಂದಿದ್ದು ಸ್ವಂತ ಕಾರಿನಲ್ಲಿ.

ಜೀಪಿನವರು

ಸರಿಯಾದ ತೀರ್ಪು ಬೇಕಾದರೆ ಕುಲುಕಾಟ ಗೊತ್ತಿರುವವರನ್ನು ಕೂರಿಸಬೇಕು ಎಂದು ಆಪರೇಟರ್ ಸೂಚಿಸಿದ. ಹತ್ತಿರದ ಕಾಫಿ ತೋಟಕ್ಕೆ ದಿನಾ ಜೀಪಿನಲ್ಲಿ ಹೋಗಿ ಬರುವ ಹೆಣ್ಣಾಳುಗಳನ್ನು ಒಂದು ರಜೆಯ ದಿನ ಪುಕ್ಕಟೆ ಹತ್ತಿಸಿದೆವು. ಆ ತೋಟದ ದಾರಿಯಲ್ಲಿ ಜೀಪು ಹೋಗುವುದನ್ನು ನೋಡಿದವರು ಅದರೊಳಗೆ ಮನುಷ್ಯರಿದ್ದಾರೆ ಎಂದರೆ ನಂಬುವುದಿಲ್ಲ.

ರೈಲು ಹೊರಟಿತು. ಮೇಲೆ ಹತ್ತುವಾಗ ಅವರಲ್ಲಿ ಹಿರಿಯಳೊಬ್ಬಳು ಸೊಸೆ ಮಾಡಿದ ಹುರುಳಿ ಸಾರಿನ ಬಗ್ಗೆ ಹೇಳುತ್ತಿದ್ದಳು. ಕೆಳಗೆ ಬೀಳುವಾಗಲೂ ಅದನ್ನೇ ಹೇಳುತ್ತಿದ್ದಳು. ಒಂದು ತಿರುವಿನಲ್ಲಿ ಮಾತ್ರ ದನಿ ಸ್ವಲ್ಪ ಎತ್ತರಿಸಿದಳು, ಅದು ಉಪ್ಪು ಜಾಸ್ತಿಯಾದ ವಿಷಯಕ್ಕೆ.

ಯಜಮಾನರು ಹಿಗ್ಗಿಹೋದರು. "ಕುಲುಕ್ತದಾ ಅಮ್ಮ?" ಎಂದು ಕೇಳಿದರು.

"ಕುಲುಕಾಟದ್ದು ಎಂತ ಇಲ್ಲ ಅಯ್ಯಾ. ಆದ್ರೆ ಹತ್ತಿದ ಜಾಗದಲ್ಲೇ ತಂದು ಇಳಿಸಿದ್ರಲ್ಲ. ನಮ್ಮ ಜೀಪು ಎಷ್ಟು ಕುಲುಕಿದ್ರೂ ಮನೆಗೆ ಮುಟ್ಟಿಸ್ತದೆ."

ಆಯುಧ ಪೂಜೆ

ಅಷ್ಟರಲ್ಲಿ ಆಯುಧ ಪೂಜೆ ಬಂತು. ಪ್ರತಿ ವರ್ಷ ಪೂಜೆಗೆ ಶೃಂಗೇರಿ ಕಡೆಯಿಂದ ಒಬ್ಬ ಭಟ್ಟರು ಬರುತ್ತಿದ್ದರು. ರೈಲಿನ ಡಬ್ಬಿಗಳಿಗೆಲ್ಲ ಚೆಂಡು ಹೂವಿನ ಮಾಲೆ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಸಿ ಹೋಗುತ್ತಿದ್ದರು. ಈ ಸಲ ಯಜಮಾನರು ಬಿಡಲಿಲ್ಲ. ಭಟ್ಟರು ಕೂತರೆ ನಾಲ್ಕು ಜನರಿಗೆ ಧೈರ್ಯ ಬರುತ್ತದೆ ಎಂದು ಒತ್ತಾಯ ಮಾಡಿ ಮುಂದಿನ ಸೀಟಿನಲ್ಲಿ ಕೂರಿಸಿದರು.

ಭಟ್ಟರು ಹೊರಡುವಾಗ ಶಾಲನ್ನು ಹೆಗಲ ಮೇಲೆ ಮಡಚಿ ಹಾಕಿಕೊಂಡಿದ್ದರು. ಬರುವಾಗ ಅದು ಹಿಂದಿನ ಸೀಟಿನವರ ಮೇಲಿತ್ತು. ಮಂತ್ರವನ್ನು ಅವರು ಇಳಿಜಾರಿನಲ್ಲಿ ಶುರುಮಾಡಿದ್ದರಂತೆ. ಮೊದಲನೆಯ ತಿರುವು ಮುಟ್ಟುವಷ್ಟರಲ್ಲಿ ಮುಗಿದುಹೋಗಿತ್ತಂತೆ. ಅಷ್ಟು ಬೇಗ ತಾವು ಯಾವತ್ತೂ ಹೇಳಿದ್ದಿಲ್ಲ ಎಂದರು.

ಯಜಮಾನರು ಕೈಮುಗಿದು, "ನಮ್ಮ ರೈಲಿಗೆ ದೀರ್ಘಾಯುಷ್ಯ ಸಿಗಲಿ ಅಂತ ಒಂದು ಮಾತು ಹೇಳಿ ಭಟ್ರೇ," ಅಂದರು.

ಭಟ್ಟರು ಶಾಲು ಕೊಡವಿಕೊಳ್ಳುತ್ತಾ, "ಇದಕ್ಕೆ ಇದೆ. ಹತ್ತುವವರಿಗೆ ಸಿಗಲಿ ಅಂತ ಹೇಳ್ತೇನೆ," ಅಂದರು.

ಎಲೆಅಡಿಕೆ ಪರೀಕ್ಷೆ

ಕೊನೆಗೆ ಕಡಹಿನಬೈಲು ಕಡೆಯ ಒಂದು ಶಾಲೆಯ ಹೆಡ್ ಮೇಡಂ ಖುದ್ದಾಗಿ ನೋಡಲು ಬಂದರು. ಇವರು ಒಪ್ಪಿದರೆ ಅಕ್ಕಪಕ್ಕದ ಶಾಲೆಯವರೂ ಬರುತ್ತಾರೆ, ಇಲ್ಲವಾದರೆ ಆ ವರ್ಷ ಪಾರ್ಕಿನ ಬಾಗಿಲು ಹಾಕಬೇಕು. ಮೇಡಂ ಬಯಲುಸೀಮೆಯವರು, ಹೊಸದಾಗಿ ವರ್ಗವಾಗಿ ಬಂದವರು. ಯಜಮಾನರು ಬಡಿಸಿದ ಹೋಳಿಗೆಯನ್ನು ಒಮ್ಮೆಯೂ ತಿಂದವರಲ್ಲ.

"ಕುಲುಕ್ತದಂತಲ್ರೀ," ಎಂದು ನೇರವಾಗಿ ಕೇಳಿದರು.

"ಯಾರು ಹೇಳಿದ್ದು? ಕೂತ್ಕೊಂಡು ಎಲೆಗೆ ಸುಣ್ಣ ಹಚ್ಬಹುದು ಮೇಡಂ, ಅಷ್ಟು ಮೆತ್ತಗೆ ಹೋಗ್ತದೆ."

"ನೀವು ಹಚ್ಚೀರೇನು?"

ಇಷ್ಟು ವರ್ಷದಲ್ಲಿ ಯಜಮಾನರು ಒಮ್ಮೆಯೂ ರೈಲು ಹತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಹೋಟೆಲಿನವನು ತನ್ನ ಹೋಟೆಲಲ್ಲಿ ಊಟ ಮಾಡ್ತಾನಾ?" ಎಂದು ನಗುತ್ತಿದ್ದರು. ಈಗ ಹತ್ತದೆ ಉಪಾಯವಿರಲಿಲ್ಲ. ಮನೆಯಿಂದ ಎಲೆಅಡಿಕೆಯ ತಟ್ಟೆ ತರಿಸಿ, ತೊಡೆಯ ಮೇಲಿಟ್ಟುಕೊಂಡು ಕೂತರು.

ಆಪರೇಟರ್ ಅವರ ಕಿವಿಯ ಹತ್ತಿರ ಬಗ್ಗಿ, "ಕನ್ನಡಕ ಹಾಕ್ಕೊಂಡೇ ಇರಿ. ಸುಣ್ಣ ಉಂಟಲ್ಲ," ಅಂದ.

ರೈಲು ಕಟಕಟ ಎನ್ನುತ್ತಾ ಮೇಲೆ ಹತ್ತಿತು. ಯಜಮಾನರು ನಿಧಾನವಾಗಿ ಎಲೆ ಒರೆಸಿದರು, ತೊಟ್ಟು ಮುರಿದರು, ತುದಿಬೆರಳಿನಲ್ಲಿ ಸುಣ್ಣ ಹಚ್ಚಿದರು. ತುತ್ತತುದಿಗೆ ಮುಟ್ಟಿದಾಗ ಆ ಎಲೆಯನ್ನು ಎತ್ತಿ ನಮಗೆಲ್ಲ ತೋರಿಸಿದರು. ಮೇಡಂ ತಲೆಯಾಡಿಸಿದರು. ನನಗೂ ಒಂದು ಕ್ಷಣ ಕೆಲಸ ಉಳಿಯಿತು ಅನ್ನಿಸಿತು.

ಆಮೇಲೆ ರೈಲು ಇಳಿಯಿತು. ಕೊಳದ ಮೇಲೆ ಅಡಿಕೆ ಹೋಳು ಉದುರಿದವು, ಬಾತುಕೋಳಿಗಳು ದಡಕ್ಕೆ ಬಂದವು. ತಟ್ಟೆ ಎರಡನೇ ತಿರುವಿನಲ್ಲಿ ಬೇರೆ ದಾರಿ ಹಿಡಿಯಿತು.

ವಾಪಸು ಬಂದಾಗ ಯಜಮಾನರ ಕೈಯಲ್ಲಿ ಸುಣ್ಣದ ಡಬ್ಬಿಯ ಮುಚ್ಚಳ ಮಾತ್ರ ಇತ್ತು. ಸುಣ್ಣ ಬಲಗಿವಿಯಲ್ಲಿ, ಮೂಗಿನ ಮೇಲೆ ಮತ್ತು ಕನ್ನಡಕದ ಎರಡೂ ಗಾಜಿನಲ್ಲಿತ್ತು. ಹಚ್ಚಿದ ಎಲೆ ಕೆನ್ನೆಗೆ ಅಂಟಿಕೊಂಡಿತ್ತು. ಅವರು ಇಳಿಯದೆ ಹಾಗೇ ಕೂತಿದ್ದರು.

"ಎಷ್ಟು ದಿನದಿಂದ ಹೀಗಾಗಿದೆ ಮಾರಾಯ ಇದು?" ಎಂದು ಆಪರೇಟರನ್ನು ಕೇಳಿದರು.

"ಹೀಗಾಗಿದ್ದಲ್ಲ. ಜೋಡಿಸಿದ ದಿನದಿಂದ ಹೀಗೇ ಇದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಅಷ್ಟು ದೂರದಿಂದ ತಂದಿದ್ರಿ. ಹೇಗೆ ಹೇಳೋದು?"

ರೈಲು ಅವತ್ತೇ ನಿಂತಿತು. ಮೇಡಂ ಮಕ್ಕಳನ್ನು ಬೇರೆ ಕಡೆಗೆ ಕರೆದುಕೊಂಡು ಹೋದರು. ಮುಂದಿನ ಮಳೆಗಾಲದಲ್ಲಿ ಯಜಮಾನರು ಹಳಿಯ ಕಂಬಗಳ ಬುಡಕ್ಕೆಲ್ಲ ಕಾಳುಮೆಣಸಿನ ಬಳ್ಳಿ ನೆಡಿಸಿದರು. ಆಪರೇಟರ್ ಅದಕ್ಕೆ ಗೊಬ್ಬರ ಹಾಕುತ್ತಾನೆ. ನಾನು ಟಿಕೆಟ್ ಕಿಟಕಿಯಲ್ಲಿ ಮೆಣಸಿನ ಸಸಿ ಮಾರುತ್ತೇನೆ. ಬಳ್ಳಿ ಈಗ ಮೊದಲನೆಯ ತಿರುವಿನ ತನಕ ಹತ್ತಿದೆ. ಸಸಿ ಬೇಕಾದವರು ಬರಬಹುದು, ತಳಿ ಪಣಿಯೂರು.