ಏಳನೇ ಪುಟದ ನೀರುನಾಯಿಗಳಿಗಾಗಿ ತನ್ನ ಮೇಲೆ ತಾನೇ ವಿಚಾರಣೆ ಕೋರಿದ್ದು

ಇಂದ,
ಬೆರಳಚ್ಚುಗಾರ (ಈ ತಿಂಗಳ ಕೊನೆಗೆ ನಿವೃತ್ತಿ),
ಮೂರನೇ ಕೋಣೆ, ಕಿಟಕಿ ಪಕ್ಕದ ಮೇಜು.

ಗೆ,
ಅಧ್ಯಕ್ಷರು,
ರಾಷ್ಟ್ರೀಯ ವನ್ಯಜೀವಿ ಮತ್ತು ಸಸ್ಯ ಸಂರಕ್ಷಣಾ ಪ್ರಾಧಿಕಾರ,
ಒಂದನೇ ಕೋಣೆ.

ವಿಷಯ: ಅರ್ಜಿದಾರನ ಮೇಲೆ ಇಲಾಖಾ ವಿಚಾರಣೆ ಹೂಡುವಂತೆ ಅರ್ಜಿದಾರನೇ ಕೋರುವ ಬಗ್ಗೆ.

ಉಲ್ಲೇಖ: ೧. ಪ್ರಾಧಿಕಾರದ ಸಂರಕ್ಷಿತ ಜೀವಿಗಳ ಪಟ್ಟಿ (ಇರುವ ಪುಟ ೧೧, ಇರಬೇಕಾದ್ದು ೧೨).
೨. ಕೆರೆ ಮುಚ್ಚಲು ಆಕ್ಷೇಪಣೆ ಇಲ್ಲವೆಂದು ಈ ಕಚೇರಿ ಕೊಟ್ಟ ಪತ್ರ.
೩. ಅರ್ಜಿದಾರನ ಹೆಂಡತಿ ಅಡುಗೆಮನೆಯಲ್ಲಿ ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

೧. ದೇಶದ ಸಮಸ್ತ ಮೃಗ, ಪಕ್ಷಿ, ಗಿಡ, ಬಳ್ಳಿಗಳನ್ನು ಕಾಯಲು ಈ ಪ್ರಾಧಿಕಾರ ಸ್ಥಾಪನೆಯಾದಾಗ ಅದಕ್ಕೆ ದೊರೆತದ್ದು ಮೂರು ಕೋಣೆ, ಒಂದು ನಾಮಫಲಕ ಮತ್ತು ಬೇರೆ ಇಲಾಖೆಯವರು ಬೇಡವೆಂದು ಬಿಟ್ಟ ಒಂದು ಮೇಜು. ಫಲಕ ಭದ್ರವಾಗಿತ್ತು. ಮೇಜಿಗೆ ಒಂದು ಕಾಲು ಗಿಡ್ಡ. ಅರ್ಜಿದಾರ ಒಂದು ಅಕ್ಷರ ಒತ್ತಿದರೆ ಅದು ಎರಡು ಸಲ ತಲೆದೂಗುತ್ತಿತ್ತು. ಆದಕಾರಣ, ಪಟ್ಟಿಯ ಕರಡು ಕಾಗದಗಳ ನಡುವೆ ಚಹಾ ಚೆಲ್ಲಿ ಕಲೆಯಾಗಿದ್ದ ಹಾಳೆಯೊಂದನ್ನು ರದ್ದಿ ಎಂದು ಬಗೆದು, ನಾಲ್ಕು ಮಡಿಕೆ ಮಾಡಿ, ಆ ಕಾಲಿನಡಿ ಇಟ್ಟ. ಮೇಜು ನಿಂತಿತು. ಪಟ್ಟಿಯಲ್ಲಿ ಒಂದು ಅಕ್ಷರವೂ ತಪ್ಪಿಲ್ಲವೆಂದು ಅಂದಿನ ಅಧ್ಯಕ್ಷರು ಅವನ ಬೆನ್ನು ತಟ್ಟಿದ್ದರು.

೨. ಟೈಪು ಮಾಡುವಾಗ ಆರನೇ ಪುಟ ಮುಗಿದ ಮೇಲೆ ಎಂಟು ಬಂತು. ಹುಡುಕಿದ, ಸಿಗಲಿಲ್ಲ. ಕರಡು ಬರೆದ ತಜ್ಞರು ಊಟ ಮುಗಿಸಿ ಊರು ಸೇರಿದ್ದರು. ಮೂರು ಗಂಟೆಗೆ ಮಂತ್ರಿಗಳಿಂದ ಉದ್ಘಾಟನೆ. ಬಾಯಿ ಬಿಟ್ಟರೆ ಬೈಗುಳ, ಬಿಡದಿದ್ದರೆ ಏನೂ ಇಲ್ಲ. ಆದ್ದರಿಂದ ಎಂಟಕ್ಕೆ ಏಳೆಂದು, ಒಂಬತ್ತಕ್ಕೆ ಎಂಟೆಂದು ನಂಬರು ಹಾಕಿ ಕೈತೊಳೆದುಕೊಂಡ. ಇದನ್ನು ಕಣ್ತಪ್ಪು ಎನ್ನಲು ಬರುವುದಿಲ್ಲ. ಇದು ಹೇಡಿತನ, ಅರ್ಜಿದಾರನಿಗೆ ಇದರ ಬಗ್ಗೆ ನಾಚಿಕೆಯಿದೆ.

೩. ಕಳೆದ ತಿಂಗಳು, ಅರ್ಜಿದಾರನ ಕ್ವಾರ್ಟರ್ಸಿನ ಹಿಂದಿರುವ ಕೆರೆಯನ್ನು ಮುಚ್ಚಿ ವಾಹನ ನಿಲ್ದಾಣ ಮಾಡಲು ಗುತ್ತಿಗೆದಾರರೊಬ್ಬರು ಅನುಮತಿ ಕೇಳಿದರು. ಅಲ್ಲಿ ಒಂದು ಜೋಡಿ ನೀರುನಾಯಿಯೂ ಅವುಗಳ ಮೂರು ಮರಿಗಳೂ ವಾಸವಾಗಿವೆ. ಪಟ್ಟಿ ತೆರೆದು ನೋಡಲಾಗಿ, ನೀರುನಾಯಿ ಎಂಬ ಪ್ರಾಣಿ ದೇಶದಲ್ಲಿ ರಕ್ಷಣೆಗೆ ಅರ್ಹವಾಗಿ ಕಂಡುಬರಲಿಲ್ಲ. ಆದಕಾರಣ, ಉಲ್ಲೇಖ ೨ರ ಪತ್ರ ಹೊರಟಿತು. ಅದನ್ನು ಟೈಪು ಮಾಡಿದವನೂ ಅರ್ಜಿದಾರನೇ. ಬರುವ ಸೋಮವಾರ ಮಣ್ಣಿನ ಲಾರಿಗಳು ಬರುತ್ತವೆ.

ಅರ್ಜಿದಾರನ ಹೆಂಡತಿ ಪಾತ್ರೆ ತೊಳೆಯುತ್ತಾ ಕಿಟಕಿಯಿಂದ ಆ ಮರಿಗಳನ್ನು ನೋಡುವವಳು. ದೊಡ್ಡದು, ಚಿಕ್ಕದು, ತಲೆಹರಟೆ ಎಂದು ಗುರುತು ಹಿಡಿಯುತ್ತಾಳೆ. ಸುದ್ದಿ ಕೇಳಿ ಅವಳು ನಲ್ಲಿ ನಿಲ್ಲಿಸಿದಳು.

"ಅವು ಪಟ್ಟೀಲಿ ಇಲ್ಲ ಕಣೆ," ಎಂದ ಅರ್ಜಿದಾರ.

"ಪಟ್ಟೀಲಿ ನಾನೂ ಇಲ್ಲ. ನನ್ನ ಮೇಲೂ ಮಣ್ಣು ಸುರಿಸ್ತೀರಾ? ಏನಾದ್ರೂ ಮಾಡಿ ನಿಲ್ಸಿ. ಅಲ್ಲೀತನಕ ನನ್ನ ಮಾತಾಡಿಸ್ಬೇಡಿ."

೪. ಮರುದಿನ ಅರ್ಜಿದಾರ ಮೂರನೇ ಕೋಣೆಯನ್ನೆಲ್ಲ ಜಾಲಾಡಿದ. ಕಡೆಗೆ ಮೇಜು ಎತ್ತಿದಾಗ ಏಳನೇ ಪುಟ ಸಿಕ್ಕಿತು. ನೀರುನಾಯಿ, ಎರಡು ಬಗೆಯ ಆಮೆ, ಒಂದು ಜಾತಿಯ ಜೊಂಡು, ಹೀಗೆ ಹದಿನೇಳು ಜೀವಗಳು ಇಷ್ಟು ವರ್ಷ ಈ ಪ್ರಾಧಿಕಾರವನ್ನು ತಲೆಯ ಮೇಲೆ ಹೊತ್ತು ನಿಂತಿದ್ದವು. ಅವನು ಹಾಳೆ ಹಿಡಿದು ಸೂಪರಿಂಟೆಂಡೆಂಟರ ಬಳಿ ಓಡಿದ.

"ಇದು ಯಾವ ಫೈಲಲ್ಲಿತ್ತು?"

"ಮೇಜಿನ ಕಾಲಡಿ ಇತ್ತು ಸಾರ್."

"ಫೈಲಲ್ಲಿ ಇಲ್ಲದ ಕಾಗದ ಕಾಗದಾನೇ ಅಲ್ಲ ಕಣಯ್ಯ. ಪಟ್ಟಿ ತಿದ್ದೋಕೆ ಸಮಿತಿ ಕೂಡ್ಬೇಕು, ಆ ಸಮಿತಿ ಈಗಿಲ್ಲ. ಇನ್ನು ಹದಿನೆಂಟು ದಿನ ಸುಮ್ನಿದ್ದು, ಪಿಂಚಣಿ ತಗೊಂಡು ನೆಮ್ಮದಿಯಾಗಿರು."

ಅವರು ಕೆಟ್ಟವರಲ್ಲ, ಹೇಳಿದ್ದು ಹಿತವನ್ನೇ.

೫. ತದನಂತರ ಅರ್ಜಿದಾರ ಸೇವಾ ನಿಯಮಾವಳಿಯನ್ನು ಜೀವಮಾನದಲ್ಲಿ ಮೊದಲ ಸಲ ಓದಿದ. ಅದರ ಪ್ರಕಾರ, ನೌಕರನ ಮೇಲೆ ವಿಚಾರಣೆ ಹೂಡಿದಲ್ಲಿ, (ಅ) ಸಂಬಂಧಿಸಿದ ಪ್ರತಿ ಕಾಗದವೂ ಫೈಲು ಸೇರತಕ್ಕದ್ದು. (ಆ) ಅವನ ತಪ್ಪಿನಿಂದ ಹೊರಟ ಪತ್ರಗಳನ್ನು ವಿಚಾರಣೆ ಮುಗಿಯುವವರೆಗೆ ತಡೆಹಿಡಿಯತಕ್ಕದ್ದು. (ಇ) ಅವನ ಪಿಂಚಣಿಯನ್ನೂ ತಡೆಹಿಡಿಯತಕ್ಕದ್ದು.

(ಇ)ಯನ್ನು ಹೆಂಡತಿಗೆ ಎರಡು ಸಲ ಓದಿ ಹೇಳಲಾಯಿತು. ಅವಳು ಬೆರಳು ಮಡಿಚಿ ಮನೆಖರ್ಚಿನ ಲೆಕ್ಕ ಹಾಕಿದಳು. ಅರ್ಜಿದಾರನಿಗೂ ಭಯವಾಗಿತ್ತು, ಈಗಲೂ ಇದೆ.

"ಹೊಲಿಗೆ ಮಿಷನ್ನು ಅಟ್ಟದ ಮೇಲಿದೆ. ಇಳಿಸ್ಕೊಡಿ," ಎಂದಳು ಕಡೆಗೆ. "ಆಮೇಲೆ ಕೂತು ಬರೀರಿ."

ಆದ್ದರಿಂದ, ಈ ಶನಿವಾರ ಕಚೇರಿ ಮುಚ್ಚುವುದರೊಳಗೆ ಅರ್ಜಿದಾರನ ಮೇಲೆ ಆಪಾದನಾ ಪತ್ರ ಹೊರಡಿಸಿ, ಉಲ್ಲೇಖ ೨ನ್ನು ತಡೆಹಿಡಿಯಬೇಕಾಗಿ ಕೈಮುಗಿದು ಕೋರಲಾಗಿದೆ. ಅವನ ಹಿಂದಿನ ನಿಷ್ಕಳಂಕ ಸೇವೆಯನ್ನು ಪರಿಗಣಿಸಿ ಕ್ಷಮಿಸಿಬಿಡಬಾರದೆಂದೂ ಪ್ರಾರ್ಥನೆ.

ಆಪಾದನೆಗೆ ಕಾದಿರುವ ತಮ್ಮ ವಿಶ್ವಾಸಿ,
(ಸಹಿ)
ಬೆರಳಚ್ಚುಗಾರ

ಲಗತ್ತುಗಳು:
೧. ಏಳನೇ ಪುಟ, ಮೂಲಪ್ರತಿ, ಮೇಜಿನ ಕಾಲಿನ ಗುರುತು ಸಹಿತ.
೨. ತಪ್ಪೊಪ್ಪಿಗೆ, ಮೂರು ಪ್ರತಿ.
೩. ಆಪಾದನಾ ಪತ್ರ. ಅರ್ಜಿದಾರನೇ ಟೈಪು ಮಾಡಿದ್ದಾನೆ, ತಮ್ಮ ಸಹಿ ಮಾತ್ರ ಬಾಕಿ.

ವಿ.ಸೂ.: ಈ ಕಚೇರಿಯಲ್ಲಿ ಸೀಲಿಂಗ್ ಫ್ಯಾನ್ ಕಾಣೆಯಾದ ಬಗ್ಗೆ ಹೂಡಿದ ವಿಚಾರಣೆ ಒಂಬತ್ತನೇ ವರ್ಷದಲ್ಲೂ ಆರೋಗ್ಯವಾಗಿ ನಡೆಯುತ್ತಿದೆ. ಅಷ್ಟರಲ್ಲಿ ಮರಿಗಳು ಮರಿ ಹಾಕಿರುತ್ತವೆಂದು ಅರ್ಜಿದಾರನ ಹೆಂಡತಿಯ ಅಂದಾಜು. ಆದಕಾರಣ ಈ ವಿಚಾರಣೆಯನ್ನೂ ಅದೇ ಅಧಿಕಾರಿಗಳಿಗೆ ವಹಿಸಿ, ಅವರನ್ನು ಯಾರೂ ಅವಸರಪಡಿಸದಂತೆ ನೋಡಿಕೊಳ್ಳಬೇಕಾಗಿ ವಿನಂತಿ.