ರಾಣಿಯ ಬಲಗೈ

ಕೈಗಳಿಗೆ ಅವುಗಳದೇ ಒಂದು ಸಂಸ್ಕಾರ ಇರುತ್ತದೆ, ಅವು ಎಲ್ಲವನ್ನೂ ತಲೆಯನ್ನು ಕೇಳಿ ಮಾಡುವುದಿಲ್ಲ ಎನ್ನುವುದು ನನಗೆ ಡ್ರ್ಯಾಗನ್‌ಗಳ ಸಹವಾಸದಿಂದ ತಿಳಿಯಿತು. ಗಾಬರಿಯಾಗಬೇಡಿ, ನನ್ನ ಕಸುಬೇ ಅದು. ಬೆಳಗ್ಗೆ ಹುಳಿಗೆ ಒಗ್ಗರಣೆ ಹಾಕಿ, ಕುಕ್ಕರ್ ಇಳಿಸಿ, ಊಟದ ಮೇಜಿನ ಒಂದು ತುದಿಯನ್ನು ಒರೆಸಿಕೊಂಡು ಕುಳಿತರೆ ಡ್ರ್ಯಾಗನ್, ಮಾಟಗಾತಿ, ರೆಕ್ಕೆಯ ಕುದುರೆ ಮುಂತಾಗಿ ಲೋಕದಲ್ಲಿ ಇಲ್ಲದವರ ಚಿತ್ರಗಳನ್ನೆಲ್ಲ ಬರೆದು ಕೊಡುತ್ತೇನೆ. ನಮ್ಮ ಜೀವನ್ ಬಿಮಾ ನಗರದಲ್ಲಿ ಇದನ್ನು ವಿವರಿಸುವುದು ಕಷ್ಟ. ‘ಫ್ಯಾಂಟಸಿ ಇಲಸ್ಟ್ರೇಟರ್’ ಎಂದು ಹೇಳಿದ ದಿನ ಪಕ್ಕದ ಮನೆಯವರು, “ಓ, ಫ್ಯಾನ್ಸಿ ಸ್ಟೋರಾ? ಇಂದಿರಾನಗರದಲ್ಲಾ? ಹೇರ್‌ಪಿನ್ ಎಲ್ಲಾ ಇಟ್ಟಿದ್ದೀರಾ?” ಎಂದು ಕೇಳಿದ್ದರು. ನಾನು ಕಲಿತದ್ದು ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ಮುಚ್ಚದೆ ಗೋಡೆಯ ಮೇಲಿನ ದೇವದೂತರನ್ನೇ ನೋಡುತ್ತಿದ್ದುದರಿಂದ ರೆಕ್ಕೆ ಭುಜಕ್ಕೆ ಹೇಗೆ ಅಂಟಿಕೊಳ್ಳುತ್ತದೆ ಎನ್ನುವುದು ನನಗೆ ಬಾಯಿಪಾಠ. ಗರಿ ಕಿತ್ತು ಚರ್ಮ ಹೊದಿಸಿದರೆ ಡ್ರ್ಯಾಗನ್ ಸಿದ್ಧ. ಸಿಸ್ಟರುಗಳಿಗೆ ಈ ವಿಷಯ ತಿಳಿಯದಿರುವುದೇ ಕ್ಷೇಮ.

ಬಹಳ ಕಾಲ ನನಗೆ ಬರುತ್ತಿದ್ದದ್ದು ಚಿಲ್ಲರೆ ಭೂತಗಳು. ಆಟದ ಕಾರ್ಡುಗಳ ಮೇಲೆ ಹೆಬ್ಬೆರಳುದ್ದದ ಕುಳ್ಳರು. ಹೋದ ವರ್ಷ ಮೊದಲ ಸಲ ಒಂದು ಕಾದಂಬರಿಯ ಇಡೀ ಮುಖಪುಟ ಸಿಕ್ಕಿತು. ಕಥೆಯ ಮುದಿ ರಾಣಿ ರಾಜ್ಯ ಬಿಟ್ಟು ಹೊರಡುವಾಗ ಲೋಕದ ಕೊನೆಯ ಡ್ರ್ಯಾಗನ್ ಮೊಟ್ಟೆಯನ್ನು ಕುರಿ ಕಾಯುವ ಹುಡುಗಿಯ ಕೈಗೆ ಒಪ್ಪಿಸುತ್ತಾಳೆ. ಅದೇ ಚಿತ್ರ. ಜೀವ ತೇದು ಬರೆದು ಕಳಿಸಿದೆ. ಒಂದು ಶುಕ್ರವಾರ ಆ ಪ್ರಕಾಶನದ ಕಲಾ ನಿರ್ದೇಶಕಿ ತನ್ವಿ ಫೋನು ಮಾಡಿದಳು.

“ಆಂಟಿ... ಸಾರಿ, ಮೇಡಂ. ಲೈಟಿಂಗ್ ಸೂಪರ್. ಮೊಟ್ಟೆ ಸೂಪರ್. ಆದ್ರೆ ಆ ಬಲಗೈ ಎಲ್ಲಿಂದ ಬಂತು?”

“ಯಾವ ಬಲಗೈ?”

“ರಾಣಿದು. ಎರಡನೇ ಚಾಪ್ಟರಲ್ಲೇ ಅದನ್ನ ಡ್ರ್ಯಾಗನ್ ತಿಂದ್ಬಿಟ್ಟಿದೆಯಲ್ಲಾ!”

ಆ ಅಧ್ಯಾಯ ಓದಿ ಸೆರಗಿನಲ್ಲಿ ಕಣ್ಣೊರೆಸಿಕೊಂಡವಳು ನಾನೇ. ಆದರೂ ಹಿರಿಯರು ಕಿರಿಯರಿಗೆ ಏನನ್ನೋ ಕೊಡುವ ಚಿತ್ರ ಎಂದೊಡನೆ ನನ್ನ ಪೆನ್ಸಿಲ್ ತಾನಾಗಿ ಬಲಗೈ ಬರೆದಿತ್ತು. ಎಡಗೈಯಲ್ಲಿ ಯಾರಾದರೂ ಕೊಡುತ್ತಾರೆಯೇ? ಡ್ರ್ಯಾಗನ್ ನುಂಗಿ ನೀರು ಕುಡಿದಿದ್ದ ಕೈಯನ್ನು ನಾನು ಮರ್ಯಾದೆಗೆ ಅಂಜಿ ಮತ್ತೆ ಚಿಗುರಿಸಿದ್ದೆ. “ಸೋಮವಾರದೊಳಗೆ ಸರಿ ಆಗ್ಲಿಲ್ಲಾಂದ್ರೆ ಬೇರೆ ಆರ್ಟಿಸ್ಟಿಗೆ ಕೊಡ್ತಾರಂತೆ ಮೇಡಂ. ನನ್ ಕೈಲಿಲ್ಲ” ಎಂದಳು ತನ್ವಿ. ಆ ಹೊತ್ತಿನಲ್ಲಿ ಕೈಯ ಮಾತೇ ನನಗೆ ಬೇಡವಾಗಿತ್ತು.

ಅಳಿಸಿ ಎಡಗೈ ಬರೆದರಾಯಿತು ಎಂದುಕೊಂಡೆ. ಬರೆದೆ. ರಾಣಿ ‘ತಗೋ, ತೊಲಗು’ ಎನ್ನುವಂತೆ ಕಂಡಳು. ಇನ್ನೊಮ್ಮೆ ಬರೆದೆ. ಈ ಸಲ ಕೃಷ್ಣರಾಜಪುರದ ಬಸ್ಸಿನ ನೂಕುನುಗ್ಗಲಲ್ಲಿ ಟಿಕೆಟ್ ಚಾಚುವ ಕಂಡಕ್ಟರಾದಳು. ಕೊನೆಗೆ ಶನಿವಾರ ಬೆಳಗ್ಗೆ ನನ್ನ ಯಜಮಾನರಿಗೆ ಬೆಡ್‌ಶೀಟ್ ಹೊದಿಸಿ, ಎಡಗೈಗೆ ಒಂದು ತೆಂಗಿನಕಾಯಿ ಕೊಟ್ಟು, “ಪ್ರೀತಿಯಿಂದ ಕೊಡಿ” ಎಂದೆ. ಅವರು ಲಂಚ ಕೊಡುವವರ ಹಾಗೆ ಅತ್ತಿತ್ತ ನೋಡಿ ಚಾಚಿದರು. ಅಷ್ಟರಲ್ಲಿ ಅತ್ತೆ ಬಂದರು.

“ಅಯ್ಯೋ ರಾಮಾ, ಎಡಗೈಲಿ ಕಾಯಿ ಕೊಡ್ತೀಯೇನೋ ಹೆಂಡ್ತಿಗೆ!”

“ಕಾಯಿ ಅಲ್ಲಮ್ಮಾ, ಮೊಟ್ಟೆ” ಎಂದರು ಇವರು ಬೆಡ್‌ಶೀಟಿನೊಳಗಿಂದ.

“ಶನಿವಾರ ಮೊಟ್ಟೆನಾ!” ಎಂದು ಅತ್ತೆ ದೇವರ ಕೋಣೆಯ ಬಾಗಿಲು ಹಾಕಿಕೊಂಡರು.

ಸಂಜೆ ಸೊಪ್ಪಿನ ನೆಪದಲ್ಲಿ ಶಿವಾಜಿನಗರಕ್ಕೆ ಹೋಗಿ ಮಾರ್ಕೆಟ್ಟಿನಲ್ಲಿ ಜನರ ಕೈಗಳನ್ನೇ ನೋಡುತ್ತ ನಿಂತೆ. ಒಬ್ಬರಾದರೂ ಎಡಗೈಯಲ್ಲಿ ಚೆನ್ನಾಗಿ ಕೊಡಬಾರದೇ? ನಿಂಬೆಹಣ್ಣಿನವನು ಸ್ವಲ್ಪ ಹೊತ್ತು ಸಹಿಸಿ, “ಕ್ಯಾ ಅಮ್ಮಾ, ಆಗ್ಲಿಂದ ಕೈ ನೋಡ್ತಾ ಇದ್ದೀರಾ. ಭವಿಷ್ಯ ಹೇಳ್ತೀರಾ, ನಿಂಬೆಹಣ್ಣು ತಗೋತೀರಾ?” ಎಂದ. ನಿಂಬೆಹಣ್ಣು ತೆಗೆದುಕೊಂಡೆ. ಬಲಗೈಯಲ್ಲೇ ಕೊಟ್ಟ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಮುಖಪುಟದ ಆಸೆ ಬಿಟ್ಟೇಬಿಟ್ಟಿದ್ದೆ. ಸಾರನ್ನ ಕಲಸಿದವಳು ತುತ್ತು ಎತ್ತಿರಲಿಲ್ಲ. ಎದುರಿಗೆ ಕೂತು ಉಣ್ಣುತ್ತಿದ್ದ ಅತ್ತೆ ನನ್ನನ್ನೊಮ್ಮೆ, ನನ್ನ ತಟ್ಟೆಯನ್ನೊಮ್ಮೆ ನೋಡಿದರು. “ಕೈ ಹೋಗಿರೋದು ರಾಣಿಗೆ ಕಣೇ. ನೀನ್ಯಾಕೆ ಉಪವಾಸ? ತುಪ್ಪ ಹಾಕ್ಲಾ?” ಎಂದರು. ಬಲಗೈ ಎಂಜಲಾಗಿತ್ತು. ಅದನ್ನು ಮಡಿಸಿ, ಯಾವುದಕ್ಕೂ ತಾಗದಂತೆ ಹಿಂದಕ್ಕೆ ಸರಿಸಿಕೊಂಡರು. ತುಪ್ಪದ ಮಿಳ್ಳೆ ಹಿಡಿದ ಎಡಗೈ ಮುಂದೆ ಬಂತು. ಅದರ ಜೊತೆಗೆ ಭುಜ ಬಂತು, ಬೆನ್ನು ಬಾಗಿತು, ತಲೆ ಒಂದಿಷ್ಟು ಓರೆಯಾಯಿತು. ಎಡಗೈಯ ಕೊರತೆಯನ್ನು ಇಡೀ ಮೈ ಬಂದು ತುಂಬಿಕೊಡುತ್ತಿರುವಂತೆ. ಎಡಗೈಯಲ್ಲಿ ಕೊಡುವುದೇ ಮರ್ಯಾದೆ ಎನಿಸುವ ಜಾಗವೊಂದು ಲೋಕದಲ್ಲಿದೆ, ನಾನು ದಿನವೂ ಅಲ್ಲೇ ಕೂತು ಉಣ್ಣುತ್ತೇನೆ.

“ಅತ್ತೆ, ಅಲ್ಲಾಡ್ಬೇಡಿ!” ಎಂದು ಕಿರುಚಿದೆ.

“ಯಾಕೇ, ಹಲ್ಲಿನಾ?”

“ರಾಣಿ! ಹಾಗೇ ಇರಿ!”

ನನ್ನದೂ ಎಂಜಲು ಕೈ. ಮೇಜಿನ ತುದಿಯಲ್ಲಿದ್ದ ಪೆನ್ಸಿಲನ್ನು ಎಡಗೈಯಲ್ಲೇ ಎಳೆದುಕೊಂಡು ಸಿಕ್ಕ ಕಾಗದದ ಮೇಲೆ ಗೀಚಿದೆ. ಗೆರೆಗಳು ಗಡಗಡ ನಡುಗಿದವು, ಬೆನ್ನು ಮಾತ್ರ ಸರಿಯಾಗಿ ಬಾಗಿತ್ತು. ಅತ್ತೆ ಪಾಪ ಉಸಿರು ಬಿಗಿಹಿಡಿದು ಕೂತರು. ಮಿಳ್ಳೆ ಓರೆಯಾಗಿಯೇ ಇದ್ದುದರಿಂದ ನನ್ನ ತಟ್ಟೆಯಲ್ಲಿ ತುಪ್ಪದ ಹಲಸೂರು ಕೆರೆ ನಿಂತಿತು.

ಸೋಮವಾರ ತನ್ವಿ ಫೋನಿನಲ್ಲಿ ಕೂಗಿಯೇಬಿಟ್ಟಳು. “ಮೇಡಂ, ಓಕೆ ಆಯ್ತು! ರಾಣಿ ಎಷ್ಟು ಪ್ರೀತಿಯಿಂದ ಕೊಡ್ತಿದ್ದಾಳೆ! ಒಂದೇ ಡೌಟು, ಆ ಹುಡುಗಿ ಮೊಟ್ಟೆ ನೋಡ್ಕೊಂಡು ಯಾಕೆ ಅಷ್ಟು ಹಸಿದ ಹಾಗಿದ್ದಾಳೆ?”

“ಬೆಟ್ಟದಲ್ಲಿ ಕುರಿ ಕಾಯೋದು ಅಂದ್ರೆ ಸುಮ್ನೇನಮ್ಮಾ” ಎಂದೆ.

ಪುಸ್ತಕ ಬಂದ ಸಂಜೆ ಅತ್ತೆ ಅದನ್ನು ಸೆರಗಿನಡಿ ಇಟ್ಟುಕೊಂಡು ಪಾರ್ಕಿಗೆ ಹೊರಟರು. ಅವರ ಸ್ವೆಟರ್ ಹಿಡಿದು ಹಿಂದೆ ನಾನು. ಬೆಂಚಿನ ಗೆಳತಿಯರ ಮುಂದೆ ಮುಖಪುಟ ಹಿಡಿದು, “ನಾನೇ ಕಣ್ರೀ ಇದು. ನನ್ನ ಸೊಸೆ ನನ್ನ ರಾಣಿ ಮಾಡಿದ್ದಾಳೆ” ಎಂದರು. ಒಬ್ಬರು ಕನ್ನಡಕ ಏರಿಸಿಕೊಂಡು ಹತ್ತಿರದಿಂದ ನೋಡಿ, “ಅಲ್ಲಾ, ಬಲಗೈ ಎಲ್ಲಿ?” ಎಂದರು.

“ಅದಾ, ತೆಗೆದ್ಬಿಟ್ಲು” ಎಂದರು ಅತ್ತೆ ಹೆಮ್ಮೆಯಿಂದ. “ಊಟಕ್ಕೆ ಕೂತಿದ್ನಾ, ಅಲ್ಲಾಡ್ಬೇಡಿ ಅಂದ್ಲು.”

ಬೆಂಚಿಗೆ ಬೆಂಚೇ ನನ್ನ ಕಡೆ ತಿರುಗಿತು. ನಾನು ಕಾನ್ವೆಂಟಿನಲ್ಲಿ ಕಲಿತ ನಗುವನ್ನು ಆದಷ್ಟು ಮೃದುವಾಗಿ ನಕ್ಕೆ. ಕನ್ನಡಕದವರು ತಮ್ಮ ಎರಡೂ ಕೈಗಳನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು.